ಬಾಣಂತಿ ಮನೆಯ ಬಾಯ್ಲರು

ದುಬೈಯಲ್ಲಿ ನನ್ನ ಕೆಲಸ ಬಾಯ್ಲರ್ ರಿಪೇರಿ. ಮರುಭೂಮಿಯಲ್ಲಿ ನೀರು ಕಾಯಿಸುವ ಯಂತ್ರಕ್ಕೊಬ್ಬ ಮೆಕ್ಯಾನಿಕ್ಕು ಎಂದರೆ ಊರಲ್ಲಿ ಯಾರೂ ನಂಬುವುದಿಲ್ಲ. ಅದಕ್ಕೇ ಇರಬೇಕು, ನನಗೆ ಗಂಟುಬೀಳುವ ಕೇಸುಗಳೂ ನಂಬುವಂಥವಲ್ಲ. ಕಳೆದ ಚಳಿಗಾಲದಲ್ಲಿ ಅಲ್ ಬರ್ಶಾದ ಒಂದೇ ವಿಲ್ಲಾಕ್ಕೆ ಮೇಲಿಂದ ಮೇಲೆ ಹೋಗಬೇಕಾಯಿತು. ನಗುವ ಪರಿಸ್ಥಿತಿ ಅಲ್ಲಿ ಯಾರಿಗೂ ಇರಲಿಲ್ಲ. ನಾನೂ ನಗಲಿಲ್ಲ, ಕಾರಿನಲ್ಲಿ ಕೂತ ಮೇಲಿನ ಮಾತು ಬೇರೆ.

ಕಷಾಯ

ಬಾಡಿಗೆಗಿದ್ದವರು ಉಡುಪಿ ಕಡೆಯವರು, ಯಜಮಾನರಿಗೆ ಜುಮೇರಾ ಲೇಕ್ ಟವರ್ಸ್‌ನಲ್ಲಿ ಆಫೀಸು. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಮಗುವಾಗಿತ್ತು. ಬಾಣಂತನಕ್ಕೆಂದು ಯಜಮಾನರ ಅತ್ತೆ, ಅಂದರೆ ಮಗುವಿನ ಅಜ್ಜಿ, ವಿಸಿಟ್ ವೀಸಾದಲ್ಲಿ ಬಂದಿದ್ದರು. ಅವರ ಹಟ ಒಂದೇ: ಮಗಳಿಗೆ ದಿನಾ ಮೈ ಕೆಂಪಾಗುವಷ್ಟು ಬಿಸಿನೀರು, ಹಂಡೆಗಟ್ಟಲೆ, ಎತ್ತಿ ಹೊಯ್ಯಬೇಕು. ನಾನು ಮೊದಲ ಸಲ ಹೋದ ದಿನ ಎಣ್ಣೆ ಹಚ್ಚಿ ಕೂರಿಸಿದ್ದಾರೆ, ಬಾಯ್ಲರ್ ನಿಂತಿದೆ. ಮಗಳು ಎಣ್ಣೆಯಲ್ಲಿ ನಡುಗುತ್ತಿದ್ದರೆ ತಾಯಿ ಅಳುತ್ತಿದ್ದರು.

ನೋಡಿದರೆ ಒತ್ತಡ ತೋರಿಸುವ ಮುಳ್ಳು ತಳ ಮುಟ್ಟಿತ್ತು. ಇಂಥ ಬಾಯ್ಲರಿನ ಒಳಕೊಳವೆಗಳಲ್ಲಿ ಸುತ್ತಿ ಸುತ್ತಿ ತಿರುಗುವುದು ಒಂದೇ ನೀರು, ಸ್ನಾನದ ನೀರು ಬೇರೆ ಕೊಳವೆಯಲ್ಲಿ ಬಂದು ಅದರ ಬಿಸಿಗೆ ಕಾಯುತ್ತದೆ; ಒಳಗಿನದು ಒಂದು ಹನಿಯೂ ಹೊರಗೆ ಹೋಗಬಾರದು. ಹೋಗಿ ಒತ್ತಡ ಇಳಿದರೆ ಯಂತ್ರ ತಾನಾಗಿಯೇ ನಿಲ್ಲುತ್ತದೆ. ನಾನು ತಣ್ಣೀರು ತುಂಬಿಸಿದೆ. ಬಚ್ಚಲಿನಲ್ಲಿ ಆ ಒಳಗಿನ ನೀರೇ ಹರಿಯುವ, ಟವಲ್ ಒಣಗಿಸುವ ಬಿಸಿ ಕಂಬಿಯೊಂದಿತ್ತು, ಅದರೊಳಗೆ ಗುಳುಗುಳು ಸದ್ದು. ತುದಿಯ ಸ್ಕ್ರೂ ಸಡಿಲಿಸಿದೆ, ಸುಸ್ ಎಂದಿತು.

ಬಾಗಿಲಲ್ಲಿ ನಿಂತಿದ್ದ ಅಜ್ಜಿ ಕಣ್ಣು ಮಿಟುಕಿಸಲಿಲ್ಲ. "ಅದೆಂತದ್ದು?"

"ಗಾಳಿ ಅಮ್ಮ. ಒಳಗೆ ಸೇರಿಕೊಂಡಿತ್ತು, ತೆಗೆದೆ."

ಅವರು ಒಳಗೆ ಹೋಗಿ ಒಂದು ಲೋಟ ಬಾಣಂತಿ ಕಷಾಯ ತಂದರು. "ಕುಡೀರಿ. ಆ ಗಾಳಿ ಸೀದಾ ನಿಮ್ಮ ಮುಖಕ್ಕೇ ಹೊಡೆದದ್ದು." ಕಾಳುಮೆಣಸಿನ ಖಾರಕ್ಕೆ ಶೇಖ್ ಝಾಯೆದ್ ರಸ್ತೆ ಮುಟ್ಟುವವರೆಗೂ ಕಣ್ಣೊರೆಸಿಕೊಳ್ಳುತ್ತಿದ್ದೆ.

ಚೀಲ

ಮರುದಿನ ಮತ್ತೆ ಒತ್ತಡ ಇಲ್ಲ. ಗೋಡೆ ತಡವಿದೆ, ನೆಲ ತಡವಿದೆ, ಎಲ್ಲೂ ಪಸೆಯಿಲ್ಲ. ಉಳಿದ ಅನುಮಾನ ಒತ್ತಡ ಹೆಚ್ಚಾದರೆ ನೀರು ಹೊರಬಿಡುವ ಸುರಕ್ಷತಾ ವಾಲ್ವಿನ ಮೇಲೆ. ಅದರ ಕೊಳವೆಯ ಬಾಯಿ ಹಿಂದಿನ ಅಂಗಳದಲ್ಲಿತ್ತು. ಬಾಯ್ಲರಿಗೆ ಮತ್ತೆ ನೀರು ತುಂಬಿಸಿ ಅದಕ್ಕೊಂದು ಪ್ಲಾಸ್ಟಿಕ್ ಚೀಲ ಕಟ್ಟಿದೆ. ಬೆಳಿಗ್ಗೆ ಚೀಲದಲ್ಲಿ ನೀರಿದ್ದರೆ ಕಳ್ಳ ಸಿಕ್ಕಿದ ಹಾಗೆ.

ಬೆಳಿಗ್ಗೆ ಒತ್ತಡವೂ ಇಲ್ಲ, ಚೀಲವೂ ಇಲ್ಲ. ಇನ್ನೂ ದಪ್ಪದ್ದು ಕಟ್ಟಿದೆ, ಅದೂ ಮಾಯ. ಕೊನೆಗೆ ತಂತಿ ಸುತ್ತಿ ಬಿಗಿದೆ, ಅದಕ್ಕೂ ಅದೇ ಗತಿ. ನೀರು ಕುಡಿಯಲು ಅಡುಗೆಮನೆಗೆ ಹೋದರೆ ಮೂರೂ ತ್ರಿಕೋನಾಕಾರದಲ್ಲಿ ಮಡಚಿಕೊಂಡು ಒಂದು ಡಬ್ಬಿಯ ಹಿಂದೆ ಕೂತಿದ್ದವು.

"ಹಾರಿ ಬಂದು ಸಿಕ್ಕಿಕೊಂಡದ್ದು ಅಂತ ತೆಗೆದಿಟ್ಟೆ ಮಾರಾಯ್ರೆ," ಎಂದರು ಅಜ್ಜಿ. "ಒಂದು ಮಾತ್ರ ತಂತಿ ಸಮೇತ ಹಾರಿ ಬಂದಿತ್ತು."

"ಒಳಗೆ ನೀರಿತ್ತಾ?"

"ಒಣಗಿತ್ತು. ಒದ್ದೆ ಚೀಲವನ್ನು ಯಾರಾದರೂ ಮಡಚಿಡ್ತಾರಾ?"

ವಾಲ್ವು ನಿರಪರಾಧಿ ಎಂದು ಹೀಗೆ ಸಾಬೀತಾಯಿತು.

ಖಲಾಸ್

ಆ ಸಂಜೆ ಮನೆಯ ಮಾಲೀಕರೇ ಬಂದರು. ಹಿರಿಯ ಅರಬರು, ಹಿಂದಿ ಚೆನ್ನಾಗಿ ಬರುತ್ತಿತ್ತು. "ಖಲಾಸ್," ಎಂದರು. "ಬೆಳಿಗ್ಗೆ ನೋಡುತ್ತೇನೆ. ಮುಳ್ಳು ಮತ್ತೆ ಇಳಿದಿದ್ದರೆ ಬಾಯ್ಲರ್ ಕಿತ್ತು ಹಾಕಿಸಿ ಚಿಕ್ಕ ಹೀಟರ್ ಇಡಿಸುತ್ತೇನೆ."

ಅಳಿಯ ತುಳುವಿನಲ್ಲಿ ಅತ್ತೆಗೆ ವಿವರಿಸಿದರು: ಚಿಕ್ಕ ಹೀಟರೆಂದರೆ ಬಿಸಿನೀರು ಎರಡೇ ಬಕೆಟು.

"ಎರಡು ಬಕೆಟಿನಲ್ಲಿ ಬೆಕ್ಕನ್ನು ಮೀಯಿಸಬಹುದು," ಎಂದು ಅಜ್ಜಿ ಅಲ್ಲೇ ಕೂತುಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ನನಗೆ ಇಲ್ಲಿಯ ದಾರಿ ಗೊತ್ತಿಲ್ಲ, ಭಾಷೆ ಗೊತ್ತಿಲ್ಲ. ಮಗಳಿಗೆ ನನ್ನಿಂದ ಆಗುವುದು ಇದೊಂದೇ. ಅದೂ ತಪ್ಪಿದರೆ ಯಾಕೆ ಬಂದೆ ನಾನು?" ಎಂದರು. ಮಾಲೀಕರು ಬರುವ ಮೊದಲೇ ಬರುತ್ತೇನೆಂದು ಮಾತು ಕೊಟ್ಟೆ. ನಾನು ಹೊರಡುವಾಗ ಅಜ್ಜಿ ಕೇಳಿದರು: "ಆ ಬೆಕ್ಕಿನ ಮಾತು ಅವರಿಗೆ ಹಿಂದಿಯಲ್ಲಿ ಹೇಳಿದ್ದೀರಲ್ಲಾ?"

ಗಾಳಿ

ಬೆಳಿಗ್ಗೆ ಬೇಗ ಹೋಗಿ ನೀರು ತುಂಬಿಸಿ ಬಾಯ್ಲರಿನ ಮುಂದೆಯೇ ಕುಕ್ಕರಗಾಲಲ್ಲಿ ಕೂತೆ. ಬಹಳ ಹೊತ್ತು ಮುಳ್ಳು ಅಲುಗಲಿಲ್ಲ. ಇದ್ದಕ್ಕಿದ್ದಂತೆ ಕಣ್ಣೆದುರೇ ಇಳಿಯತೊಡಗಿತು. ಬಚ್ಚಲಿಗೆ ಓಡಿದೆ. ಅಜ್ಜಿ ತರಕಾರಿ ಹೆಚ್ಚುವ ಚೂರಿಯ ತುದಿಯಿಂದ ಕಂಬಿಯ ಸ್ಕ್ರೂ ತಿರುಗಿಸಿ, ಕೆಳಗೊಂದು ಬಟ್ಟಲು ಹಿಡಿದು ನಿಂತಿದ್ದರು.

"ಅಮ್ಮಾ! ಏನಿದು?"

"ನೀವೇ ತೋರಿಸಿದ್ದಲ್ವಾ? ಬಾಣಂತಿ ಮೀಯುವ ಜಾಗ, ಗಾಳಿ ಇಟ್ಟುಕೊಂಡರೆ ಆಗ್ತದಾ? ನೀವು ಅರ್ಧಂಬರ್ಧ ತೆಗೆದಿರಿ. ನಾನು ದಿನಾ ಪೂರ್ತಿ ತೆಗೀತೇನೆ, ಬಟ್ಟಲು ತುಂಬುವವರೆಗೆ." ಎಂದವರೇ ಬಟ್ಟಲಿನ ನೀರನ್ನು ಬಚ್ಚಲಿಗೆ ಚೆಲ್ಲಿದರು.

ಒಳಗೆ ಈಗ ಗಾಳಿಯೇ ಇಲ್ಲ, ಹೋಗುತ್ತಿರುವುದು ಒತ್ತಡ ಎಂದು ಎಷ್ಟು ಹೇಳಿದರೂ ತಲೆಯಾಡಿಸಲಿಲ್ಲ. ಕೋಣೆಯಲ್ಲಿ ಅವರ ಮಗಳು ಕಿವಿಗೆ ಹತ್ತಿ ಇಟ್ಟು, ತಲೆಗೆ ಉಣ್ಣೆಯ ಸ್ಕಾರ್ಫ್ ಸುತ್ತಿ ಕೂತಿದ್ದು ಕಂಡಿತು. ನಾನು ಸ್ಕ್ರೂ ಬಿಗಿದೆ, ಹತ್ತಿ ಕೇಳಿ ತಂದು ಅದರ ಮೇಲೆ ಒತ್ತಿದೆ. "ಇನ್ನು ಗಾಳಿ ಒಳಗೂ ಹೋಗುವುದಿಲ್ಲ, ಹೊರಗೂ ಬರುವುದಿಲ್ಲ."

ಅಜ್ಜಿಯ ಮುಖ ಅರಳಿತು. "ಇದನ್ನು ಮೊದಲೇ ಮಾಡಬಾರದಿತ್ತಾ!" ಎಂದು ಇನ್ನೊಂದು ಸ್ಕಾರ್ಫ್ ತಂದು ಕಂಬಿಯ ತಲೆಗೆ ತಾವೇ ಸುತ್ತಿ ಗಂಟು ಹಾಕಿದರು. ನೀರು ತುಂಬಿಸಿದೆ. ಮಗಳ ಸ್ನಾನ ಮುಗಿದರೂ ಮುಳ್ಳು ಕದಲಲಿಲ್ಲ.

ಮಾಲೀಕರು ಬಂದು ಮುಳ್ಳು ನೋಡಿದರು, ಬಚ್ಚಲಿಗೆ ಹೋಗಿ ಸ್ಕಾರ್ಫ್ ಸುತ್ತಿದ ಕಂಬಿ ನೋಡಿದರು. ಅಳಿಯ ನಾಚಿಕೊಳ್ಳುತ್ತಲೇ ಎಲ್ಲ ಹೇಳಿದರು. ಹಿರಿಯರು ಸ್ಕಾರ್ಫಿನ ಗಂಟನ್ನು ಬೆರಳಿನಿಂದ ಮುಟ್ಟಿ ನೋಡಿದರು. "ನನ್ನ ತಾಯಿಯೂ ನನ್ನ ಹೆಂಡತಿಯನ್ನು ಹೀಗೇ ನೋಡಿಕೊಂಡಿದ್ದರು," ಎಂದರು ಮೆಲ್ಲಗೆ. "ಬಾಯ್ಲರ್ ಇರಲಿ. ಈ ಸ್ಕಾರ್ಫನ್ನು ಎಷ್ಟು ದಿನ ಹೀಗೆ ಕಟ್ಟಿರಬೇಕು, ಅವರನ್ನೇ ಕೇಳಿ."

ಅಳಿಯ ಕೇಳಿದರು. ಅಜ್ಜಿ ಸೆರಗು ಸರಿಮಾಡಿಕೊಂಡು ಗಂಭೀರವಾಗಿ ಹೇಳಿದರು: "ಬಾಣಂತನ ಮುಗಿಯುವವರೆಗೆ. ಅಲ್ಲಿಯವರೆಗೆ ಅದಕ್ಕೆ ಯಾರೂ ತಣ್ಣೀರು ಮುಟ್ಟಿಸಬಾರದು ಅಂತ ಹೇಳಿ."