ಶಿಫಾರಸು ಪತ್ರಕ್ಕೆ ಐದು ಸಾಕ್ಷಿ

ನಮ್ಮ ಮಾಸ್ತರು ಜನ್ಮದಲ್ಲಿ ಒಂದೂ ಸುಳ್ಳು ಹೇಳಿದವರಲ್ಲ. ಅವರು ನಿಜ ಹೇಳಿ ಮುಗಿಸುವ ತನಕ ಕೂತು ಕೇಳಿದವರೂ ಯಾರಿಲ್ಲ!

ಶಾಲೆಗೆ ಬರುವ ಮೊದಲು ಅವರು ಚಿಂಚೋಳಿಯ ಕಚೇರಿಯೊಂದರಲ್ಲಿ ಪಂಚನಾಮೆ ಬರೆಯುವ ಗುಮಾಸ್ತರಾಗಿದ್ದರು. ಕಳವಾಗಲಿ, ಬಣವೆಗೆ ಬೆಂಕಿ ಬೀಳಲಿ, ಐದು ಜನ ನೋಡಿ ಸಹಿ ಹಾಕಿದರೇ ಅದು ನಡೆದಂತೆ. ನಿಜಾಮರ ಆಡಳಿತ ಹೋಯಿತು, ಕಚೇರಿಯ ಉರ್ದು ಹೋಯಿತು, ಈ ಚಾಳಿ ಮಾತ್ರ ಹೋಗಲಿಲ್ಲ. ಸೇಡಂ ಶಾಲೆಯಲ್ಲಿದ್ದಾಗ ನಾನು ಜ್ವರಕ್ಕೆ ರಜೆ ಕೇಳಿದರೆ ಐದು ಜನರನ್ನು ಕಟ್ಟಿಕೊಂಡು ಮನೆಗೇ ಬಂದರು. ಒಬ್ಬೊಬ್ಬರೂ ನನ್ನ ಹಣೆ ಮುಟ್ಟಿ ಸಹಿ ಹಾಕಿದರು. ಮರುವಾರ ಅವರಲ್ಲಿ ಮೂವರಿಗೆ ಜ್ವರ! (ನನ್ನ ಆಗಿನ ದಿನಚರಿಯಲ್ಲಿ ಇಬ್ಬರು ಎಂದಿದೆ. ಮೂರನೆಯವರನ್ನು ನಾನು ಯಾವಾಗ ಮಲಗಿಸಿದೆನೋ ತಿಳಿಯದು.)

ಇಂಥವರನ್ನು ಶಿಫಾರಸು ಪತ್ರ ಕೇಳಬಾರದೆಂಬ ಬುದ್ಧಿ ನನಗೆ ಇರಲಿಲ್ಲವೇ? ಇತ್ತು, ಬೇರೆ ದಾರಿ ಇರಲಿಲ್ಲ. ಬಿ.ಎ. ಮುಗಿಸಿದ್ದೆ. ಹೈದರಾಬಾದಿನಲ್ಲಿ ಎಂ.ಎ. ಓದಲು ಅರ್ಜಿಯ ಜೊತೆ ಹಳೆಯ ಗುರುಗಳೊಬ್ಬರ ಪತ್ರ ಬೇಕಿತ್ತು. ಅಪ್ಪ ಶಹಾಬಾದಿನ ಕಲ್ಲುಗಣಿಯಲ್ಲಿ ಗುಮಾಸ್ತ, ತಿಂಗಳಿಗೊಮ್ಮೆ ಮನೆಗೆ ಬರುತ್ತಿದ್ದ. ಎಂ.ಎ. ಎಂದರೆ "ನೋಡೋಣು" ಎಂದಷ್ಟೇ ಅನ್ನುತ್ತಿದ್ದ. ನಮ್ಮ ಮನೆಯಲ್ಲಿ ಅದರ ಅರ್ಥ 'ಬೇಡ'. ಇರಲಿ, ಪತ್ರವೊಂದು ಕೈಗೆ ಬರಲಿ, ಜಗಳವಾಡಿಯಾದರೂ ಹೋಗುತ್ತೇನೆ ಎಂಬ ಧೈರ್ಯ ನನಗಿತ್ತು.

ಮಾಸ್ತರಿಗೆ ಆಗ ಚಿತ್ತಾಪುರಕ್ಕೆ ವರ್ಗವಾಗಿತ್ತು. ರೈಲು ಹತ್ತಿ ಹೋದೆ.

"ಬರೀಲಿಕ್ಕೆ ನನಗ ಭಾಳ ಸಂತೋಷ ಅದ. ಆದ್ರ ನೀ ಸಾಲಿ ಬಿಟ್ಟು ಆರು ವರ್ಷ ಆತು. ಈಗ ಹ್ಯಾಂಗ ಇದ್ದಿ, ನನಗೇನು ಗೊತ್ತವ್ವಾ?"

"ಹಂಗೇ ಇದ್ದೀನ್ರಿ ಸರ್."

"ಆರೋಪಿ ಮಾತು ಸಾಕ್ಷಿ ಆಗಂಗಿಲ್ಲ!"

ಶುರುವಾಯಿತು ತನಿಖೆ. ನಮ್ಮ ಓಣಿಯ ಬಳೆಗಾರ ಚಾಚಾ ಹೇಳಿಕೆ ಕೊಟ್ಟರು: "ಬಾಯಿ ಜೋರ ಅದರಿ, ಆದ್ರ ಬಳಿ ಇಡಸ್ಕೊಳ್ಳಾಗ ಒಮ್ಮಿನೂ ಅತ್ತಿಲ್ಲ." ಮುಧೋಳದ ಸೋದರತ್ತೆ, "ಸಣ್ಣಾಕಿದ್ದಾಗ ಬೆಲ್ಲ ಕದೀತಿದ್ಲರಿ" ಎಂದಳು. ಅದನ್ನೂ ಬರೆದುಕೊಂಡರು!

'ಸರ್, ಬರುವ ಸೋಮವಾರವೇ ಕಡೆಯ ದಿನ' ಎಂದು ಕಾಗದ ಹಾಕಿದೆ. ಉತ್ತರ ಬಂತು: 'ನಾಲ್ಕು ಸಾಕ್ಷಿ ಮುಗಿದಿವೆ. ಬೆಲ್ಲದ ಸಂಗತಿ ವಿಚಾರಣೆಯಲ್ಲಿದೆ.'

ಅವ್ವನಿಗೂ ಸಾಕಾಗಿತ್ತು. "ಆ ಮನುಷ್ಯಾ ನಿನ್ನ ಕಾಲೇಜಿಗೆ ಕಳಸ್ತಾನೋ, ಜೇಲಿಗೋ?"

ಶನಿವಾರ ತಡೆಯಲಾರದೆ ಮತ್ತೆ ಚಿತ್ತಾಪುರಕ್ಕೆ ಹೋದೆ. ಮಾಸ್ತರ ಹೆಂಡತಿ ಬಾಗಿಲಲ್ಲೇ ಅಂದರು: "ಐದನೇ ಸಾಕ್ಷಿ ಹಿಡೀಲಿಕ್ಕೆ ಹೋಗಿ ಮೂರು ದಿನ ಆತವ್ವಾ. ಇವತ್ತು ವಾಡಿ ಟೇಸನ್‌ನಾಗ ಇಳೀತಾರ. ಅಲ್ಲೇ ಹಿಡಿ ಹೋಗು!"

ವಾಡಿಯಲ್ಲಿ ಕಾದೆ. ಸಂಜೆಯ ಗಾಡಿಯಿಂದ ಮಾಸ್ತರು ಇಳಿದರು. ಟೋಪಿಯಿಂದ ಚಪ್ಪಲಿಯವರೆಗೆ ಕಲ್ಲಿನ ಪುಡಿ.

"ತಗೋ. ಬೆಲ್ಲದ ಆರೋಪ ವಜಾ ಮಾಡೀನಿ."

ಒಂದು ಪುಟ ಇಂಗ್ಲಿಷ್ ಪತ್ರ, ಅದರ ಬೆನ್ನಿಗೆ ಮೂರು ಪುಟ ಕನ್ನಡದಲ್ಲಿ ಹೇಳಿಕೆಗಳು. ಕೊನೆಯ ಸಹಿ ನೋಡಿ ನನ್ನ ನಗು ನಿಂತಿತು. ಅಪ್ಪನದು.

"ಎರಡು ದಿನ ಬಾಯೇ ಬಿಡಲಿಲ್ಲವ್ವ ನಿಮ್ಮಪ್ಪ," ಎಂದರು ಮಾಸ್ತರು. "ನಾನೂ ಖಣಿ ಬಾಗಿಲಾಗ ಕುಂತೇ ಇದ್ದೆ."

ಅಪ್ಪನ ಹೇಳಿಕೆಯನ್ನು ನೆನಪಿನಿಂದ ಬರೆಯುತ್ತಿಲ್ಲ. ಅಲ್ಲಿಯೇ ನಕಲು ಮಾಡಿಕೊಂಡಿದ್ದೆ: 'ನನ್ನ ಮಗಳು ಗಟ್ಟಿಯಾಗಿ ಓದುತ್ತಾಳೆ. ಊರಿಗೆ ಹೋದಾಗಲೆಲ್ಲ ಬಾಗಿಲ ಮರೆಯಲ್ಲಿ ನಿಂತು ಕೇಳುತ್ತೇನೆ. ಕಳಿಸಿದರೆ ಅದು ಕೇಳಲು ಸಿಗುವುದಿಲ್ಲ. ಅದಕ್ಕೇ ಇಷ್ಟು ದಿನ ಹೂಂ ಅನ್ನಲಿಲ್ಲ. ಕಳಿಸುತ್ತೇನೆ.'

ಹೈದರಾಬಾದಿಗೆ ಹೋಗುವ ಗಾಡಿ ಬಂದು ನಿಂತಿತ್ತು. ಅದರ ಟಪಾಲಿನ ಬೋಗಿಯ ಮುಂದೆ ನಿಂತು ಮಾಸ್ತರು ಅವಸರ ಮಾಡುತ್ತಿದ್ದರು. ನಾನು ಅರ್ಜಿಯ ಲಕೋಟೆ ಮುಚ್ಚುವ ಮೊದಲು ಆ ಸಾಲುಗಳನ್ನು ಇನ್ನೊಮ್ಮೆ ಓದಿದೆ, ಗಟ್ಟಿಯಾಗಿ, ಶಹಾಬಾದಿನ ಕಡೆ ಮುಖ ಮಾಡಿ.