ನಮ್ಮ ಭಾವ ಕಾರ್ಟೂನ್ ಕಳ್ಳನಾದದ್ದು

ಕಾರ್ಟೂನ್ ಮಾಡೋ ಕೆಲಸದಲ್ಲಿ ಮರ್ಯಾದೆ ಹೋಗೋಕೆ ವಿಶೇಷ ಪ್ರಯತ್ನ ಏನೂ ಬೇಡ, ಕ್ಯಾಮೆರಾ ಆನ್ ಮಾಡಿದರೆ ಸಾಕು. ಶಿರಸಿಯಲ್ಲಿ ನಮ್ಮದೊಂದು ಒಂದೇ ಕೋಣೆಯ ಸ್ಟುಡಿಯೊ. ಮೊದಲು ನಿಜವಾದ ಮನುಷ್ಯನ ಹತ್ರ ನಟನೆ ಮಾಡಿಸಿ ವಿಡಿಯೊ ತೆಗೀತೀವಿ. ಅದನ್ನ ನೋಡ್ಕೊಂಡು ನಮ್ಮ ಅನಿಮೇಟರ್ ಹುಡುಗಿ ಕಂಪ್ಯೂಟರಿನಲ್ಲಿ ಪಾತ್ರವನ್ನ ಆಡಿಸ್ತಾಳೆ. ವಿಡಿಯೊದಲ್ಲಿ ಇದ್ದದ್ದನ್ನ ಒಂದೂ ಬಿಡೋಳಲ್ಲ.

ಮುಂಬೈಯವರೊಬ್ಬರು ಮಕ್ಕಳ ಸರಣಿಗೆ ಒಬ್ಬ ಕಳ್ಳನನ್ನ ಕೇಳಿದರು. ಕಳ್ಳ ಬೆದರಿಸೋದು, ಬೀಳೋದು, ಮನೆಗೆ ನುಗ್ಗೋದು, ಇಷ್ಟನ್ನ ಮಾಡಿ ಕಳಿಸಬೇಕು. ಹಿಡಿಸಿದರೆ ಸರಣಿ ನಮಗೆ. ಇಲ್ಲದಿದ್ದರೆ ಸ್ಟುಡಿಯೊ ಬಾಗಿಲು ಹಾಕೋದೇ. ಕಳ್ಳನಾಗೋಕೆ ಒಪ್ಪಿದ್ದು ನನ್ನ ಹೆಂಡತಿಯ ಅಣ್ಣ.

ಬೆದರಿಕೆ

ಸಿದ್ದಾಪುರದ ಅವನ ಮನೆ ಜಗಲಿಯಲ್ಲೇ ಶೂಟಿಂಗ್. "ಯಾರೂ ಅಲ್ಲಾಡಬೇಡಿ!" ಅನ್ನಬೇಕು, ಅಷ್ಟೇ. ನೋಡಿದರೆ ಬಾಯ್ತುಂಬ ಎಲೆಯಡಿಕೆ ಕವಳ.

"ಭಾವಾ, ಉಗುಳಿ ಬಾ."

"ಈಗಷ್ಟೇ ಹಾಕಿದ್ದು, ಇನ್ನೂ ರಸ ಬಿಟ್ಟಿದ್ದಿಲ್ಲೆ. ನೀ ತೆಗಿ."

ತೆಗೆದೆ. ಹುಡುಗಿ ಇದ್ದದ್ದು ಇದ್ದ ಹಾಗೇ ಮಾಡಿದಳು. ಮುಂಬೈಯಿಂದ ಫೋನು: "ಕಳ್ಳನಿಗೆ ಹಲ್ಲುನೋವಾ? ಬೆದರಿಸುವಾಗ ಆಕಾಶ ಯಾಕೆ ನೋಡ್ತಾನೆ?"

ಭಾವನನ್ನೇ ಕೇಳಿದೆ. "ಕೆಳಗೆ ನೋಡಿದ್ರೆ ಅಂಗಿ ಮೇಲೆ ಬೀಳ್ತಿತ್ತು" ಅಂದ.

ಬೀಳೋದು

ಓಡ್ತಾ ಎಡವಿ ಬೀಳೋಕೆ ಯಲ್ಲಾಪುರದ ಆಚೆ ಇಡಗುಂದಿ ರಸ್ತೆ ಬದಿಯ ಮೆತ್ತನೆ ಹುಲ್ಲು ಹುಡುಕಿದ್ವಿ. ಭಾವ ಅರ್ಧ ಬೀಳೋದರೊಳಗೆ ದಾರಿಹೋಕರು ಓಡಿ ಬಂದು ಹಿಡಿದೇಬಿಟ್ಟರು. ಜಾಗ ಬದಲಿಸಿದ್ವಿ, ಅಲ್ಲೂ ಹಿಡಿದರು. ಕೊನೆಗೂ ಒಮ್ಮೆ ದೊಪ್ಪನೆ ಬಿದ್ದ. ಬೈಕಿನವನೊಬ್ಬ ಗಾಡಿ ನಿಲ್ಲಿಸಿ ನನ್ನ ಮೇಲೇ ಬಂದ:

"ಮನುಷ್ಯ ಬಿದ್ದಿದ್ದಾನೆ, ನೀವು ನಿಂತ್ಕೊಂಡು ವಿಡಿಯೊ ಮಾಡ್ತೀರಲ್ಲ, ನಾಚಿಕೆ ಆಗಲ್ವಾ?"

ನಾನು ವಿವರಿಸೋ ಅಷ್ಟರಲ್ಲಿ ನನ್ನದೇ ವಿಡಿಯೊ ತೆಗೆದು ವಾಟ್ಸಾಪಿಗೆ ಹಾಕಿ ಹೋದ. ಯಲ್ಲಾಪುರ ಪೇಟೆ ಮುಟ್ಟುವಾಗ ಹೆಂಡತಿಯ ಫೋನು: "ಬಿದ್ದವರನ್ನ ಎತ್ತದೇ ಇರೋ ನೀಚ ಯಾರಪ್ಪಾ ಅಂತ ನೋಡಿದೆ. ಬಿದ್ದದ್ದು ನನ್ನ ಅಣ್ಣ ಅಲ್ದಾ?"

ಬಿದ್ದದ್ದೂ ಮುಂಬೈಯವರಿಗೆ ಹಿಡಿಸಲಿಲ್ಲ. "ನುಗ್ಗೋದನ್ನೊಂದು ನೋಡ್ತೀವಿ, ಅದೂ ಸರಿ ಬರದಿದ್ದರೆ ಬೇರೆಯವರಿಗೆ ಕೊಡ್ತೀವಿ" ಅಂದರು.

ನುಗ್ಗೋದು

ಕೋಲಸಿರ್ಸಿಯಲ್ಲಿ ನಮ್ಮ ದೊಡ್ಡಮ್ಮನ ಮನೆ. "ದೊಡ್ಡಮ್ಮಾ, ಕಳ್ಳ ಬರ್ತಾ. ನೀನು ಕಂಡರೂ ಕಾಣದ ಹಾಗೆ ಇರು" ಅಂತ ಕೈಮುಗಿದು ಹೇಳಿದೆ. "ಅಡ್ಡಿಲ್ಲೆ" ಅಂದಳು.

ಭಾವ ಮುಖಕ್ಕೆ ಬಟ್ಟೆ ಕಟ್ಕೊಂಡು ತುದಿಗಾಲಲ್ಲಿ ಹೊಸ್ತಿಲು ದಾಟಿದ. ಮನೆಗೆ ಬಂದವರನ್ನ ಕೇಳದೇ ಇರೋಕೆ ದೊಡ್ಡಮ್ಮನಿಗೆ ಈ ಜನ್ಮದಲ್ಲಿ ಸಾಧ್ಯ ಇಲ್ಲ.

"ಬಾರಾ ತಮಾ, ಕೂತ್ಗ. ಆಸ್ರಿಗೆ ಕುಡಿಯಲೆ ಎಂತ ಕೊಡ್ಲಿ?"

ಕಳ್ಳ ಬಟ್ಟೆ ಸರಿಸಿ ಮಜ್ಜಿಗೆ ಕುಡಿದ. ಮತ್ತೆ ತೆಗೆದೆ, ಈ ಸಲ ಬಾಳೆಹಣ್ಣೂ ಬಂತು. ಮಜ್ಜಿಗೆ ಮುಗಿದ ಮೇಲೆ ಚಾ. ಕೊನೇ ಸಲವಂತೂ ಗೇಟಿನ ತನಕ ಬಂದು ಕಳ್ಳನನ್ನ ಕಳಿಸಿಕೊಟ್ಟಳು. ಬೆಳಕು ಹೋಯಿತು, ಬೇರೆ ದಾರಿ ಇರಲಿಲ್ಲ. ಹುಡುಗಿ ಲೋಟ ಸಮೇತ ಎಲ್ಲಾ ಮಾಡಿ ಕಳಿಸಿದಳು.

ಮುಂಬೈಯಲ್ಲಿ ಬಿದ್ದು ಬಿದ್ದು ನಕ್ಕರಂತೆ. ಸರಣಿ ನಮಗೇ ಬಂತು. ಷರತ್ತು ಒಂದೇ, ಪ್ರತಿ ಕಂತಿನಲ್ಲೂ ಆ ಅಜ್ಜಿ ಬೇಕು.

ಓಡಿಹೋಗಿ ದೊಡ್ಡಮ್ಮನಿಗೆ ಹೇಳಿದೆ, "ಇನ್ನು ಕಳ್ಳ ಯಾವಾಗಲೂ ನಿನ್ನ ಮನೆಗೇ ನುಗ್ತಾ!"

ಅವಳು ಅಕ್ಕಿ ಡಬ್ಬಿ ತೆಗೆದು ನೋಡಿದಳು.

"ನುಗ್ಲಿ. ಆದ್ರೆ ಫೋನ್ ಮಾಡ್ಕ್ಯಂಡು ನುಗ್ಲಿ ಹೇಳು. ಒಂದು ಮುಷ್ಟಿ ಅಕ್ಕಿ ಜಾಸ್ತಿ ಹಾಕ್ತೆ."