ಹನುಮವ್ವ ಹಾಡಿದ ಸೀಡಿ

ಹೊಸ ಲ್ಯಾಪ್‌ಟಾಪಿಗೆ ಬಾಯಿಯೇ ಇಲ್ಲ ಅನ್ನುವುದು ಶಿವಪುತ್ರಪ್ಪನಿಗೆ ತಿಳಿದದ್ದು ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಬೆಳಿಗ್ಗೆ. ಎಡಕ್ಕೆ ತಿರುವಿದ, ಬಲಕ್ಕೆ ತಿರುವಿದ, ಬೋರಲು ಹಾಕಿ ಹೊಟ್ಟೆ ಸವರಿದ. ಸೀಡಿ ತುರುಕುವ ಸಂದು ಎಲ್ಲೂ ಸಿಗಲಿಲ್ಲ.

"ಅನುರಾಧಾ, ಹಳೇ ಕಂಪ್ಯೂಟರ್ ಎಲ್ಲಿ ಐತಿ?"

"ನವೀನ ಎಕ್ಸ್‌ಚೇಂಜಿಗೆ ಕೊಟ್ಟ ಮ್ಯಾಲೇ ಇದು ಬಂತಲ್ರಿ. ನೀವ ಬಿಲ್ಡಿಂಗಿಗೆಲ್ಲ ಪೇಡೆ ಹಂಚಿದ್ರಿ," ಎಂದಳು ಹೆಂಡತಿ.

ಶಿವಪುತ್ರಪ್ಪ ಧೊಪ್ಪನೆ ಕುಳಿತ. ಕೈಯಲ್ಲಿದ್ದದ್ದು ಅಂತಿಂಥ ಸೀಡಿಯಲ್ಲ. ಮಗ ನವೀನ ಇನ್ನೂ ಕೂಸಾಗಿದ್ದಾಗ ವಿಜಯಪುರದಿಂದ ಬಂದಿದ್ದ ಅವ್ವ ಹನುಮವ್ವ ತೊಟ್ಟಿಲು ತೂಗುತ್ತ ಜೋಗುಳ ಹಾಡುತ್ತಿದ್ದಳು. ಮಲಾಡಿನ ಆ ಇಡೀ ಬಿಲ್ಡಿಂಗಿಗೆ ಆಗ ಒಂದೇ ಕಂಪ್ಯೂಟರು, ಅದು ಇವನದು. ಮೈಕು ಮುಂದಿಟ್ಟರೆ ಅವ್ವ, "ಮೊದಲ ಅದನ್ನ ಬಂದ್ ಮಾಡು, ಆಮ್ಯಾಲ ಹಾಡ್ತೀನಿ" ಎಂದು ಹಟ ಹಿಡಿದಳು. ಇವನೇನು ಕಡಿಮೆಯೇ? ಪರದೆಯೊಂದನ್ನೇ ಆರಿಸಿ, "ಬಂದ್ ಮಾಡೀನಿ ನೋಡವ್ವ" ಎಂದು ಅಡುಗೆಮನೆಗೆ ಹೋಗಿ, ಬಾಗಿಲ ಮರೆಯಲ್ಲಿ ನಿಂತು ಇಡೀ ಜೋಗುಳ ಕೇಳಿದ್ದ. ಈ ಜಾಣತನದ ಕತೆಯನ್ನು ಅವನು ಹೇಳದ ನೆಂಟರೇ ಉಳಿದಿರಲಿಲ್ಲ.

ಊರಿಗೆ ಹೋದ ಅವ್ವ ಮತ್ತೆ ಬರಲಿಲ್ಲ. ರೆಕಾರ್ಡಾದದ್ದನ್ನು ಸೀಡಿಗೆ ಹಾಕಿಸಿದನೇ ಹೊರತು ಕೇಳುವ ಧೈರ್ಯ ಅವನಿಗೆ ಬರಲೇ ಇಲ್ಲ. ಅವಳ ಇಳಕಲ್ ಸೀರೆಯ ಮಡಿಕೆಯಲ್ಲಿಟ್ಟು, ದೀಪಾವಳಿಗೊಮ್ಮೆ ಕುಂಕುಮ ಹಚ್ಚುತ್ತ ಬಂದಿದ್ದ. ಇವತ್ತು ಸಂಜೆ ಮಾಟುಂಗದ ಹಾಲ್‌ನಲ್ಲಿ ನವೀನನ ಮಗಳಿಗೆ ಹನುಮವ್ವನೇ ಜೋಗುಳ ಹಾಡಬೇಕು. ಅದೊಂದು ಆದರೆ ತನ್ನ ಜನ್ಮ ಸಾರ್ಥಕ ಎಂದುಕೊಂಡಿದ್ದ.

ಬಾಗಿಲು ತೆರೆದಿದ್ದದ್ದೇ ಸಾಕಾಯಿತು, ಪಕ್ಕದ ಮನೆಯ ದೇವಾನಂದ ಒಳಗೆ ಬಂದ. "ಈಗ ಸೀಡಿ ಯಾರ್ ಇಟ್ಕೋತಾರ್ರಿ? ಎಲ್ಲಾ ಕ್ಲೌಡಿಗೆ ಹಾಕ್ರಿ. ತಿಂಗಳಾ ತಿಂಗಳಾ ಅಷ್ಟು ಕಟ್ಟಿದ್ರಾತು."

"ನಮ್ಮವ್ವನ್ನ ಬಾಡಗೀ ಮನ್ಯಾಗ ಇಡ್ಲೇನ್ರಿ?"

"ಬಾಡಗಿ ಹಾಳಾಗಿ ಹೋಗ್ಲಿ," ಎನ್ನುತ್ತ ಎದುರು ಮನೆಯ ಕಾಶಿನಾಥನೂ ಬಂದ. "ಆ ಕ್ಲೌಡಿನ ಮಾಲಕ ಬಾಗಲಕ್ಕ ಕಿವಿ ಹಚ್ಚಿ ಕೂತಿರ್ತಾನ, ಹುಷಾರ್!" ಹಾಗೆನ್ನುತ್ತಲೇ ಕನ್ನಡಿಯ ಮೇಲಿದ್ದ ಅನುರಾಧಾ ಹಣೆಗಿಡುವ ಟಿಕಳಿಯೊಂದನ್ನು ಕಿತ್ತು ಲ್ಯಾಪ್‌ಟಾಪಿನ ಕ್ಯಾಮೆರಾಕ್ಕೆ ಅಂಟಿಸಿಬಿಟ್ಟ. ಲ್ಯಾಪ್‌ಟಾಪು ಮುತ್ತೈದೆಯಾಯಿತು. ಸಂಜೆ ಹಾಲ್‌ಗೆ ಬರ್ರಿ ಎಂದರೆ, "ಅಲ್ಲೂ ಕ್ಯಾಮೆರಾ ಇರ್ತಾವ, ನಾ ಒಲ್ಲೆ" ಎಂದ.

"ನಿಮ್ಮನೀ ಜಗಳ ಗೇಟಿನ ತನಕ ಕೇಳ್ತದ, ನಿಮಗ್ಯಾಕ್ರಿ ಪ್ರೈವಸಿ?" ಎಂದು ದೇವಾನಂದ ಕೆಣಕಿದ. ಇಬ್ಬರಿಗೂ ಜಟಾಪಟಿ ಹತ್ತಿತು. ಶಿವಪುತ್ರಪ್ಪ ಸೀಡಿಯನ್ನು ಎದೆಗವಚಿಕೊಂಡು ಲೋಕಲ್ ಟ್ರೇನು ಹಿಡಿದ.

ದಾದರಿನಲ್ಲಿ ಗಾಡಿ ಬದಲಿಸಿ, ಕುರ್ಲಾದಲ್ಲಿ ಇಳಿದು, ಹಳೆಯ ಕಂಪ್ಯೂಟರುಗಳ ಅಂಗಡಿ ಹುಡುಕುವಷ್ಟರಲ್ಲಿ ಅಂಗಿ ಒದ್ದೆ ಮುದ್ದೆಯಾಗಿತ್ತು. ಅಂಗಡಿಯವನು ಸೀಡಿ ನೋಡಿ, "ಕಾಕಾ, ಯೇ ತೋ ಮ್ಯೂಸಿಯಂ ಕಾ ಮಾಲ್ ಹೈ!" ಎಂದು ನಕ್ಕು, ಧೂಳು ಹಿಡಿದ ಮಷೀನಿಗೆ ಹಾಕಿದ.

"ಏ ಶಿವಪುತ್ರಾ…"

ಅಷ್ಟೇ ಕೇಳಿದ್ದು. ಶಿವಪುತ್ರಪ್ಪ ಕೈ ಅಡ್ಡ ಹಿಡಿದ. "ಬಸ್, ಬಸ್! ಅಬ್ ಬಂದ್ ಕರೋ," ಎಂದ. ಉಳಿದದ್ದನ್ನು ಮೊಮ್ಮಗಳ ಜೊತೆಗೇ ಕೇಳಬೇಕು. ಎಷ್ಟು ವರ್ಷಗಳ ಮೇಲೆ ಅವನನ್ನು ಯಾರೋ ಏಕವಚನದಲ್ಲಿ ಕರೆದಿದ್ದರು! ಕಣ್ಣು ತುಂಬಿ ಅಂಗಡಿಯೆಲ್ಲ ಮಸುಕಾಯಿತು.

ಆದರೆ ಫೋನಿಗೆ ಇಳಿಸಲು ಜಾಗವಿಲ್ಲ. ನೆಂಟರು ದಿನಾ ಕಳಿಸಿದ ಗುಡ್ ಮಾರ್ನಿಂಗ್ ಗುಲಾಬಿಗಳು ಅದರ ತುಂಬ ಅರಳಿ ಕೂತಿದ್ದವು. ಕೊನೆಗೆ ಕ್ಲೌಡೇ ಗತಿಯಾಯಿತು. ಹುಟ್ಟಿದ ದಿನ ಕೇಳಿತು, ಕೊಟ್ಟ. ಮನೆ ಎಲ್ಲಿ ಎಂದಿತು, ಹೇಳಿದ. ಗುರುತಿಗೆ ತಾಯಿಯ ಹೆಸರೇನು ಎಂದಿತು. "ತಪ್ಪಾತವ್ವ," ಎಂದು ಗಲ್ಲ ಬಡಿದುಕೊಂಡು ಅದನ್ನೂ ಒತ್ತಿದ.

ಮಾಟುಂಗದ ಹಾಲ್‌ನಲ್ಲಿ ತೊಟ್ಟಿಲು ಸಿಂಗಾರಗೊಂಡಿತ್ತು. ಟಿಕಳಿ ಇಟ್ಟುಕೊಂಡ ಲ್ಯಾಪ್‌ಟಾಪನ್ನು ಪಕ್ಕದಲ್ಲಿಟ್ಟು ನವೀನ ಗುಂಡಿ ಒತ್ತಿದ.

"ಏ ಶಿವಪುತ್ರಾ, ಏನಲೇ ಇದು? ಇದರಾಗ ಹಾಡಿದ್ರ ಯಾರ್ಯಾರು ಕೇಳ್ತಾರು?"

"ಮನೀ ಮಂದಿ ಅಷ್ಟ ಅವ್ವ," ಎಂದಿತು ಹರೆಯದ ಶಿವಪುತ್ರಪ್ಪನ ದನಿ.

"ಮನೀ ಮಂದಿ ಮುಂದ ಇಲ್ಲೇ ಹಾಡ್ತೀನಲ್ಲ, ಡಬ್ಬಿ ಯಾಕ? ಮೊದಲ ಅದನ್ನ ಬಂದ್ ಮಾಡು, ಆಮ್ಯಾಲ ಹಾಡ್ತೀನಿ."

"ಬಂದ್ ಮಾಡೀನಿ ನೋಡವ್ವ."

ಹಾಲ್ ಗೊಳ್ಳೆಂದಿತು. ಶಿವಪುತ್ರಪ್ಪ ಮೀಸೆ ತಿರುವಿದ. ಒಳಗಿನಿಂದ ದೂರ ಹೋಗುವ ಹೆಜ್ಜೆ ಸಪ್ಪಳ ಕೇಳಿತು. ಆಮೇಲೆ ಅವ್ವನ ಪಿಸುದನಿ:

"ಪರದೆ ಆರಿಸಿದ್ರ ನನಗೇನ್ ತಿಳಿಯಂಗಿಲ್ಲ ಅಂದ್ಕೊಂಡಾನ. ಡಬ್ಬಿ ಇನ್ನಾ ಗುಂಯ್ ಅನ್ನಾಕತ್ತೈತಿ. ಈ ವೈರ್ ಎಳದು ಒಗದ್ರ ಆತು."

ಟಪ್.

ಆಮೇಲೆ ಏನೂ ಇಲ್ಲ. ಜನ ಕಾದರು. ಪರದೆಯ ಮೇಲೆ ಗೆರೆ ಓಡುತ್ತಿತ್ತು, ದನಿ ಇರಲಿಲ್ಲ. ಮೈಕಿನ ವೈರು ಕಿತ್ತಿದ್ದರಿಂದ ಅವ್ವ ಹಾಡಿದಷ್ಟು ಹೊತ್ತೂ ಬರೀ ಮೌನ ರೆಕಾರ್ಡಾಗಿತ್ತು. ಇಷ್ಟು ವರ್ಷ ಕುಂಕುಮ ಹಚ್ಚಿದ್ದು ಆ ಮೌನಕ್ಕೆ. ಶಿವಪುತ್ರಪ್ಪ ಮೀಸೆಯಿಂದ ಕೈ ತೆಗೆದ.

ತೊಟ್ಟಿಲಲ್ಲಿ ಕೂಸು ರಾಗ ತೆಗೆಯಿತು. ಅನುರಾಧಾ ಮೆಲ್ಲಗೆ, "ನೀವ ಹಾಡ್ರಿ. ಅವತ್ತ ಕೇಳ್ದಾವ್ರು ನೀವೊಬ್ರ," ಎಂದಳು.

ಅವನು ಎದ್ದು ತೊಟ್ಟಿಲ ಹಗ್ಗ ಹಿಡಿದ. ನವೀನ ಫೋನು ಎತ್ತಿ ಹಿಡಿದ. ಶಿವಪುತ್ರಪ್ಪನ ಬಾಯಿಂದ ತಾನಾಗಿಯೇ ಬಂತು: "ಮೊದಲ ಅದನ್ನ ಬಂದ್ ಮಾಡು, ಆಮ್ಯಾಲ ಹಾಡ್ತೀನಿ."

"ಓಕೆ ಪಪ್ಪಾ, ಬಂದ್ ಮಾಡಿದೆ, ದೇಖೋ." ಕಪ್ಪಾದ ಪರದೆ ತೋರಿಸಿ ನವೀನ ಫೋನನ್ನು ಅಂಗಿಯ ಜೇಬಿಗೆ ಹಾಕಿಕೊಂಡ.

"ಸುಮ್ಮನ ಮಲಗ ನನಕೂಸ, ಸಜ್ಜಿರೊಟ್ಟಿ ಬೆಣ್ಣಿ ತರತೇನ…" ದನಿ ಒಡೆಯಿತು, ತಾಳ ತಪ್ಪಿತು, ಬೆಣ್ಣೆಯ ಹತ್ತಿರ ಬಂದಾಗ ಬಿಕ್ಕಿಯೇ ಬಿಟ್ಟ. ಕೂಸು ಬೆರಗಾಗಿ ಅಳು ನಿಲ್ಲಿಸಿತು. ಪುಣ್ಯಕ್ಕೆ ಮನೆ ಮಂದಿ ಅಷ್ಟೇ ಕೇಳಿದರು ಎಂದು ಅವನು ಮೂಗು ಒರೆಸಿಕೊಂಡ.

ಮಲಾಡಿಗೆ ಮರಳಿದಾಗ ಗೇಟಿನಲ್ಲೇ ಕಾಶಿನಾಥ ನಿಂತಿದ್ದ, ಸುತ್ತ ಅರ್ಧ ಬಿಲ್ಡಿಂಗು. ಅವನ ಫೋನು ಗಂಟಲು ಹರಿದುಕೊಂಡು ಬೆಣ್ಣೆ ತರುತ್ತೇನೆಂದು ಬಿಕ್ಕುತ್ತಿತ್ತು.

"ಏನ್ ಅಳ್ತೀರ್ರಿ ಶಿವಪುತ್ರಪ್ಪನವರ! ನವೀನ ಬಿಲ್ಡಿಂಗಿನ ಗ್ರೂಪಿಗೆ ಹಾಕ್ಯಾನ. ನಮ್ಮ ಸೋಲಾಪುರದ ಮಂದೀಗೂ ಕಳಿಸೀನಿ."

ಶಿವಪುತ್ರಪ್ಪ ಆ ಫೋನನ್ನು ಕಸಿದುಕೊಂಡ. ಎಡಕ್ಕೆ ತಿರುವಿದ, ಬಲಕ್ಕೆ ತಿರುವಿದ, ಬೋರಲು ಹಾಕಿ ಹೊಟ್ಟೆ ಸವರಿದ. ಎಳೆದು ಒಗೆಯೋಣವೆಂದರೆ ಅದಕ್ಕೆ ಒಂದು ವೈರೂ ಇರಲಿಲ್ಲ.